ಆಫ್ರಿಕನ್ ಡಯಾಸ್ಪೊರಾ ಕಲಾ ಇತಿಹಾಸದಲ್ಲಿ ಪಿಎಚ್‌ಡಿ ಮಾಡಲು ಕರ್ನಾಟಕದಿಂದ ಅರ್ಜಿ ಹಾಕುವುದು ಹೇಗೆ?

ನೀವು ಕಲಾ ಇತಿಹಾಸದಲ್ಲಿ ಎಂ.ವಿ.ಎ. (ದೃಶ್ಯಕಲೆಯ ಸ್ನಾತಕೋತ್ತರ ಪದವಿ) ಮುಗಿಸಿದ್ದೀರಿ. ಆಫ್ರಿಕಾದಿಂದ ಬೇರೆ ದೇಶಗಳಿಗೆ ಹೋದ, ಬಲವಂತವಾಗಿ ಸಾಗಿಸಲ್ಪಟ್ಟ ಜನರ ಕಲೆಯ ಮೇಲೆ ಹೊರದೇಶದಲ್ಲಿ ಪಿಎಚ್‌ಡಿ ಮಾಡುವ ಆಸೆ ನಿಮಗಿದೆ. ಭಾರತದವರನ್ನು ಈ ವಿಷಯಕ್ಕೆ ತೆಗೆದುಕೊಳ್ಳುತ್ತಾರಾ, ಯಾವ ವಿಶ್ವವಿದ್ಯಾಲಯಕ್ಕೆ ಹಾಕಬೇಕು, ಉತ್ತರ ಕನ್ನಡದಲ್ಲಿರುವ ಆಫ್ರಿಕಾ ಮೂಲದ ಸಿದ್ದಿಗಳ ಬಗ್ಗೆ ಬರೆದರೆ ಅವಕಾಶ ಜಾಸ್ತಿ ಆಗುತ್ತದಾ ಅಂತ ಕೇಳಿದ್ದೀರಿ. ನಾನು ಬರೋಡಾದಲ್ಲಿ ಓದಿ, ಈಗ ಅಮೆರಿಕದಲ್ಲಿ ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಕನ್ನಡದಲ್ಲಿ ಇದರ ಬಗ್ಗೆ ಮಾಹಿತಿ ಸಿಗುವುದು ಕಷ್ಟ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ತೆಗೆದುಕೊಳ್ಳುತ್ತಾರೆ. ನೀವು ಯಾವ ದೇಶದವರು ಅನ್ನುವುದು ಅಡ್ಡಿ ಬರುವುದಿಲ್ಲ. ಆದರೆ "ನನಗೆ ಆಫ್ರಿಕನ್ ಕಲೆ ಅಂದರೆ ತುಂಬಾ ಇಷ್ಟ" ಅಂತ ಎರಡು ಪುಟ ತುಂಬಿಸಿದರೆ ಕೆಲಸ ಆಗುವುದಿಲ್ಲ. ಅರ್ಜಿ ಓದುವ ಅಧ್ಯಾಪಕರು ಮುಖ್ಯವಾಗಿ ಹುಡುಕುವುದು ಒಂದನ್ನೇ. ಅರ್ಜಿ ಹಾಕಿದವರು ಯಾವುದಾದರೂ ಒಂದು ಕಲಾವಸ್ತುವನ್ನು ಕೂತು, ತಾಳ್ಮೆಯಿಂದ ನೋಡಿದ್ದಾರಾ? ನೋಡಿದ ಮೇಲೆ ಅವರಲ್ಲಿ ಯಾವ ಪ್ರಶ್ನೆ ಹುಟ್ಟಿದೆ? ಪ್ರದೇಶ, ಕಾಲ, ಸಿದ್ಧಾಂತ ಎಲ್ಲ ಆ ಪ್ರಶ್ನೆಯ ಹಿಂದೆ ಬರಲಿ.

ನನ್ನ ಉದಾಹರಣೆಯನ್ನೇ ಕೊಡುತ್ತೇನೆ. ಹಾವು ಹಿಡಿದು ನಿಂತ ಒಬ್ಬ ಹೆಂಗಸಿನ ಬಣ್ಣದ ಅಚ್ಚಿನ ಚಿತ್ರ ಅದು. 1880ರ ದಶಕದಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಅಚ್ಚಾಯಿತು. ಆಕೆ ಜನರ ಮುಂದೆ ಹಾವು ಆಡಿಸುತ್ತಿದ್ದವಳು. ಚಿತ್ರ ಪಶ್ಚಿಮ ಆಫ್ರಿಕಾ ತಲುಪಿತು. ಅಲ್ಲಿನ ಜನ ಅದರಲ್ಲಿ ಮಾಮಿ ವಾಟಾ ಎಂಬ ನೀರಿನ ದೇವತೆಯನ್ನು ಕಂಡರು. 1955ರಲ್ಲಿ ಬೊಂಬಾಯಿಯ ಶ್ರೀ ರಾಮ್ ಕ್ಯಾಲೆಂಡರ್ ಕಂಪನಿ ಅದನ್ನು ಮತ್ತೆ ಅಚ್ಚು ಹಾಕಿತು, ಈಗಿನ ಘಾನಾ ದೇಶದ ಕುಮಾಸಿಯ ವ್ಯಾಪಾರಿಗಳಿಗಾಗಿ! ನಮ್ಮ ದೇವರ ಪಟಗಳೂ ಪಶ್ಚಿಮ ಆಫ್ರಿಕಾಕ್ಕೆ ಹೋದವು. ಟೋಗೊ, ಬೆನಿನ್ ಕಡೆ ಮಾಮಿ ವಾಟಾಳ ಪೂಜೆಯ ಜಾಗಗಳಲ್ಲಿ ಅವಕ್ಕೂ ಸ್ಥಾನ ಸಿಕ್ಕಿತು. ಅಟ್ಲಾಂಟಿಕ್ ಸಾಗರದ ಆಚೆ, ಡೊಮಿನಿಕನ್ ರಿಪಬ್ಲಿಕ್‌ನಲ್ಲಿ, ಅದೇ ಹಾವಿನ ಹೆಂಗಸಿನ ಚಿತ್ರವನ್ನು ಸಾಂತಾ ಮಾರ್ತಾ ಲಾ ದೊಮಿನಾದೋರಾ ಎಂಬ ಹೆಸರಿನಲ್ಲಿ ಪೂಜಿಸುತ್ತಾರೆ. ಈ ಚಿತ್ರದ ದಾರಿಯನ್ನು ಹುಡುಕಿ ಬರೆದವರಲ್ಲಿ ಮುಖ್ಯರಾದವರು ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಹೆನ್ರಿ ಡ್ರೂವಾಲ್. ನನ್ನ ಪ್ರಶ್ನೆ ಬೊಂಬಾಯಿಯ ಕಡೆಯದು. ಕ್ಯಾಲೆಂಡರ್ ದೇವರನ್ನು ಅಚ್ಚು ಹಾಕುತ್ತಿದ್ದ ಕೈಗಳು ಈ ಚಿತ್ರವನ್ನು ಹೇಗೆ ನೋಡಿದವು? ಇದು ಅಲ್ಲಿ ಪೂಜೆಗೆ ಹೋಗುತ್ತದೆ ಅಂತ ಅವರಿಗೆ ಗೊತ್ತಿತ್ತಾ? ನನ್ನ ಅರ್ಜಿಯ ಮೊದಲ ವಾಕ್ಯದಲ್ಲೇ ಈ ಚಿತ್ರ ಇತ್ತು. ನಾನು ಎಲ್ಲಿಯವಳು, ಯಾಕೆ ಈ ವಿಷಯ ಅನ್ನುವ ವಿವರಣೆಯೇ ಬೇಕಾಗಲಿಲ್ಲ. ಚಿತ್ರವೇ ಹೇಳಿತು.

ಇನ್ನು ವಿಶ್ವವಿದ್ಯಾಲಯಗಳು. ಟಾಪ್ ಹತ್ತು, ಟಾಪ್ ಇಪ್ಪತ್ತು ಅನ್ನುವ ಪಟ್ಟಿಗಳು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಈ ವಿಷಯ ಕೆಲವೇ ಜನರ ಸುತ್ತ ಬೆಳೆದದ್ದು. ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಜೇಮ್ಸ್ ಪೋರ್ಟರ್ 1943ರಲ್ಲೇ ಆಫ್ರಿಕನ್ ಅಮೆರಿಕನ್ ಕಲೆಯ ಇತಿಹಾಸವನ್ನು ಪುಸ್ತಕವಾಗಿ ತಂದರು. ಯೇಲ್‌ನಲ್ಲಿ ರಾಬರ್ಟ್ ಫ್ಯಾರಿಸ್ ಥಾಂಪ್ಸನ್ ದಶಕಗಳ ಕಾಲ ಕಲಿಸಿದರು. ಆಫ್ರಿಕಾದ ಯೊರುಬಾ, ಕಾಂಗೊ ಜನರ ಕಲೆ ಕ್ಯೂಬಾ, ಬ್ರೆಜಿಲ್, ಹೈಟಿಯಲ್ಲಿ ಹೇಗೆ ಮುಂದುವರಿಯಿತು ಅಂತ ತೋರಿಸಿದವರು ಅವರು. 2021ರಲ್ಲಿ ತೀರಿಕೊಂಡರು. ಈಗಿನವರಲ್ಲಿ, ಕೆರಿಬಿಯನ್ ಫೋಟೋಗ್ರಫಿ ಆದರೆ ನಾರ್ತ್‌ವೆಸ್ಟರ್ನ್‌ನ ಕ್ರಿಸ್ಟಾ ಥಾಂಪ್ಸನ್ ಬರೆದದ್ದನ್ನು ಓದಿ. ಆಫ್ರಿಕನ್ ಅಮೆರಿಕನ್ ಕಲಾವಿದರ ಬಗ್ಗೆ ಕೊಲಂಬಿಯಾದ ಕೆಲ್ಲಿ ಜೋನ್ಸ್, ನೈಜೀರಿಯಾದ ಆಧುನಿಕ ಕಲೆಯ ಬಗ್ಗೆ ಪ್ರಿನ್ಸ್‌ಟನ್‌ನ ಚಿಕಾ ಒಕೆಕೆ-ಅಗುಲು, ಬ್ರಿಟನ್ನಿನ ಕಪ್ಪು ಕಲಾವಿದರ ಬಗ್ಗೆ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ಎಡ್ಡಿ ಚೇಂಬರ್ಸ್ ಬರೆದಿದ್ದಾರೆ. ಯೇಲ್‌ನಲ್ಲಿ ಕಲಾ ಇತಿಹಾಸ ಮತ್ತು ಆಫ್ರಿಕನ್ ಅಮೆರಿಕನ್ ಅಧ್ಯಯನ ಎರಡನ್ನೂ ಸೇರಿಸಿ ಒಂದೇ ಪಿಎಚ್‌ಡಿ ಮಾಡುವ ದಾರಿಯೂ ಇದೆ.

ಅಧ್ಯಾಪಕರು ಜಾಗ ಬದಲಾಯಿಸುತ್ತಾರೆ, ನಿವೃತ್ತರಾಗುತ್ತಾರೆ. ಅರ್ಜಿ ಹಾಕುವ ವರ್ಷ ವಿಭಾಗದ ಪುಟವನ್ನು ಹೊಸದಾಗಿ ನೋಡಿ. ಒಬ್ಬರನ್ನೇ ನಂಬಿ ಹೋಗಬೇಡಿ. ನಿಮ್ಮ ಕೆಲಸಕ್ಕೆ ಹತ್ತಿರದವರು ಕನಿಷ್ಠ ಇಬ್ಬರಾದರೂ ಇರುವ ಕಡೆ ಹಾಕಿ. ಹತ್ತಿರದಲ್ಲಿ ಯಾವ ಸಂಗ್ರಹ ಇದೆ ಅನ್ನುವುದೂ ಅಷ್ಟೇ ಮುಖ್ಯ. ನ್ಯೂಯಾರ್ಕ್‌ನಲ್ಲಿದ್ದರೆ ಹಾರ್ಲೆಮ್‌ನಲ್ಲಿ ಕಪ್ಪು ಜನರ ಇತಿಹಾಸದ ಗ್ರಂಥಾಲಯವಾದ ಶೋಂಬರ್ಗ್ ಕೇಂದ್ರ ಮತ್ತು 1968ರಲ್ಲಿ ಶುರುವಾದ ಸ್ಟುಡಿಯೋ ಮ್ಯೂಸಿಯಂ ಕೈಗೆ ಸಿಗುತ್ತವೆ. ಲಾಸ್ ಏಂಜಲೀಸ್‌ನಲ್ಲಿ ಫೌಲರ್ ಮ್ಯೂಸಿಯಂ ಇದೆ. ಬ್ರೆಜಿಲ್ ನಿಮ್ಮ ವಿಷಯವಾದರೆ ಸಾವೊ ಪೌಲೊದ ಮ್ಯೂಸಿಯು ಆಫ್ರೊ ಬ್ರಸಿಲ್‌ಗೆ ಹೋಗಿಬರಲು ಹಣ ಕೊಡುವ ವಿಭಾಗವೇ ಬೇಕು.

ಈಗ ಸಿದ್ದಿಗಳ ವಿಷಯ. ಇದರ ಬಗ್ಗೆ ನನಗೆ ಹೇಳುವುದು ಜಾಸ್ತಿ ಇದೆ.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳು ಈ ಕ್ಷೇತ್ರಕ್ಕೆ ಹೊಸದಲ್ಲ. ಮಾಮಿ ವಾಟಾಳ ಬಗ್ಗೆ ಬರೆದ ಡ್ರೂವಾಲ್ ಅವರೇ ಇವುಗಳ ಬಗ್ಗೆಯೂ ಬರೆದಿದ್ದಾರೆ, ಹಾರ್ಲೆಮ್‌ನಲ್ಲಿ ಪ್ರದರ್ಶನವೂ ಆಗಿದೆ. ಅಡಿಗೆ ಹಳೆಯ ಸೀರೆ ಹಾಸುತ್ತಾರೆ. ಅಂಚಿನಿಂದ ಶುರುಮಾಡಿ, ಹಳೆ ಬಟ್ಟೆಯ ತುಂಡುಗಳನ್ನು ಇಡುತ್ತಾ, ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಲ್ಲಿ ಮಡಿಸಿದ ಸಣ್ಣ ಬಟ್ಟೆ ತುಂಡುಗಳನ್ನು ಸೇರಿಸುತ್ತಾರೆ. ಅದಕ್ಕೆ ಫೂಲಾ ಅಂತಾರೆ, ಅದಿಲ್ಲದ ಕೌದಿ ಬೆತ್ತಲೆ ಇದ್ದ ಹಾಗೆ ಅಂತ ಅವರ ಮಾತು. ಕ್ರೈಸ್ತ ಸಿದ್ದಿಗಳ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಗಳ ಕೌದಿಯಲ್ಲಿ ಅರ್ಧಚಂದ್ರ ಕಾಣಿಸುವುದುಂಟು. ಒಂದು ಕೌದಿಯ ಮುಂದೆ ಕೂತು, ಹೊಲಿಗೆ ಎಲ್ಲಿ ಶುರುವಾಯಿತು, ಎಲ್ಲಿ ತಿರುಗಿತು ಅಂತ ಹುಡುಕುವುದೇ ಒಂದು ದೊಡ್ಡ ಪಾಠ.

ಆದರೆ ಅರ್ಜಿಯಲ್ಲಿ "ಇದು ಆಫ್ರಿಕಾದ ನೆನಪು, ಅವರ ರಕ್ತದಲ್ಲೇ ಇದೆ" ಅಂತ ದಯವಿಟ್ಟು ಬರೆಯಬೇಡಿ. ಕೌದಿ ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇದೆ, ಅಲ್ವಾ? ಹಾಗಾದರೆ ಸಿದ್ದಿ ಕೌದಿಯಲ್ಲಿ ಆಫ್ರಿಕಾದ್ದು ಯಾವುದು, ನೆರೆಮನೆಯಿಂದ ಕಲಿತದ್ದು ಯಾವುದು, ಆ ಹೆಂಗಸಿನ ಸ್ವಂತ ಯೋಚನೆ ಯಾವುದು? ಇದು ಈ ಕ್ಷೇತ್ರದ ಹಳೆಯ, ದೊಡ್ಡ ಜಗಳ. ಆಫ್ರಿಕಾದ ಸಂಸ್ಕೃತಿ ಅಮೆರಿಕದಲ್ಲಿ ಉಳಿದುಕೊಂಡಿದೆ ಅಂತ 1940ರ ದಶಕದಲ್ಲಿ ಮೆಲ್ವಿಲ್ ಹರ್ಸ್ಕೋವಿಟ್ಸ್ ವಾದಿಸಿದರು. ಗುಲಾಮಗಿರಿ ಅದನ್ನು ಮುರಿದುಹಾಕಿತು ಅಂದರು ಇ. ಫ್ರಾಂಕ್ಲಿನ್ ಫ್ರೇಜಿಯರ್. 1970ರ ದಶಕದಲ್ಲಿ ಸಿಡ್ನಿ ಮಿಂಟ್ಸ್ ಮತ್ತು ರಿಚರ್ಡ್ ಪ್ರೈಸ್, ಬೇರೆ ಬೇರೆ ಕಡೆಯಿಂದ ತಂದ ಜನ ಅಲ್ಲಿ ಒಟ್ಟಿಗೆ ಹೊಸದನ್ನೇ ಕಟ್ಟಿದರು ಅಂತ ಬರೆದರು. ಅಲಬಾಮಾದ ಜೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಂಗಸರ ಕೌದಿಗಳು 2002ರಲ್ಲಿ ಹ್ಯೂಸ್ಟನ್‌ನ ಮ್ಯೂಸಿಯಂನಲ್ಲಿ ಪ್ರದರ್ಶನವಾಗಿ ಹೆಸರಾದಾಗಲೂ ಇದೇ ಪ್ರಶ್ನೆ ಎದ್ದಿತು. ಪಟ್ಟಿಪಟ್ಟಿಯಾದ ಬಟ್ಟೆ ಕಂಡ ಕೂಡಲೇ ಪಶ್ಚಿಮ ಆಫ್ರಿಕಾದ ನೇಯ್ಗೆ ನೆನಪಾಗುವುದು ಸಹಜ. ಆದರೆ ಅಲ್ಲಿ ಹರಿದ ಕೆಲಸದ ಬಟ್ಟೆ ಇದೆ, ಬಡತನ ಇದೆ, ಅಮ್ಮನಿಂದ ಮಗಳು ಕಲಿತದ್ದು ಇದೆ. ಕಣ್ಣಿಗೆ ಒಂದೇ ತರಹ ಕಂಡರೆ ಅದು ಸಾಕ್ಷಿ ಆಗುವುದಿಲ್ಲ. ಈ ಎಚ್ಚರ ನಿಮಗಿದೆ ಅಂತ ಅರ್ಜಿಯಲ್ಲಿ ಕಾಣಿಸಬೇಕು. ನೆರೆಯ ಊರಿನ ಸಿದ್ದಿಯಲ್ಲದವರ ಕೌದಿಯನ್ನೂ ಪಕ್ಕದಲ್ಲಿಟ್ಟು ನೋಡಿ ಬರೆದ ಎರಡು ಸಾಲು, ಹತ್ತು ಸಿದ್ಧಾಂತದ ಹೆಸರುಗಳಿಗಿಂತ ಜಾಸ್ತಿ ತೂಗುತ್ತವೆ.

ಹಿಂದೂ ಮಹಾಸಾಗರದ ಕಥೆ ಅಟ್ಲಾಂಟಿಕ್ ಕಥೆಗಿಂತ ಬೇರೆ ಅನ್ನುವುದನ್ನೂ ಹೇಳಿ. ಅಹಮದ್‌ನಗರದಲ್ಲಿ ರಾಜ್ಯವನ್ನೇ ನಡೆಸಿದ ಮಲಿಕ್ ಅಂಬರ್ (ಮರಣ 1626) ಗುಲಾಮನಾಗಿ ಬಂದ ಹಬ್ಶಿ, ಅಂದರೆ ಆಫ್ರಿಕಾ ಮೂಲದವನು. ನಮ್ಮ ವಿಜಯಪುರದಲ್ಲಿ 1645ರ ಸುಮಾರಿಗೆ ಹೈದರ್ ಅಲಿ ಮತ್ತು ಇಬ್ರಾಹಿಂ ಖಾನ್ ಬರೆದ ಒಂದು ಚಿತ್ರದಲ್ಲಿ ಸುಲ್ತಾನ ಮುಹಮ್ಮದ್ ಆದಿಲ್ ಶಾಹನ ಜೊತೆ ಅದೇ ಆನೆಯ ಮೇಲೆ ಅವನ ಹಬ್ಶಿ ಮಂತ್ರಿ ಇಖ್ಲಾಸ್ ಖಾನ್ ಕೂತಿದ್ದಾನೆ. ಕಬ್ಬಿನ ತೋಟದ ಗುಲಾಮಗಿರಿಯನ್ನು ಮನಸ್ಸಲ್ಲಿ ಇಟ್ಟುಕೊಂಡು ಬರುವ ಅಮೆರಿಕದ ಓದುಗರಿಗೆ ಇದು ಹೊಸದು. ಆದರೆ ದಖನಿನ ಈ ಸರದಾರರನ್ನೂ ಕಾಡಿನ ಸಿದ್ದಿಗಳನ್ನೂ ಒಂದೇ ದಾರಕ್ಕೆ ಪೋಣಿಸಬೇಡಿ. ಉತ್ತರ ಕನ್ನಡದ ಸಿದ್ದಿಗಳಲ್ಲಿ ಬಹಳ ಜನರ ಹಿರಿಯರು ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡು ಬಂದವರು.

ಸಿದ್ದಿಗಳ ಊರಿಗೆ ಕ್ಯಾಮೆರಾ ಹಿಡಿದು ಹೋದವರು ಬೇಕಾದಷ್ಟು ಜನ ಇದ್ದಾರೆ. ಇಲ್ಲಿಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದೇ 2003ರಲ್ಲಿ. ಭೂಮಿ, ಓದು, ಕೆಲಸದ ಕಷ್ಟ ಇನ್ನೂ ಇದೆ. ನಿಮ್ಮ ಸಂಶೋಧನೆಯಿಂದ ಆ ಹೆಂಗಸರಿಗೆ ಏನು ಸಿಗುತ್ತದೆ ಅನ್ನುವುದಕ್ಕೆ ಉತ್ತರ ಇಲ್ಲದಿದ್ದರೆ ಈ ವಿಷಯ ಎತ್ತಿಕೊಳ್ಳಬೇಡಿ. ಸುಮ್ನೆ ಅರ್ಜಿಗೆ ತೂಕ ಬರಲಿ ಅಂತ ಅವರ ಹೆಸರು ಹಾಕುವುದು ಸರಿಯಲ್ಲ. ನಿಮ್ಮ ಮನಸ್ಸು ಬೇರೆಲ್ಲೋ ಇದ್ದರೆ ಅಲ್ಲಿಗೇ ಹೋಗಿ. ಕ್ಯೂಬಾದ ಬೆಲ್ಕಿಸ್ ಅಯೋನ್ (1967–1999) ಗಂಡಸರಿಗೆ ಮಾತ್ರ ಪ್ರವೇಶವಿದ್ದ, ಆಫ್ರಿಕಾ ಮೂಲದ ಅಬಾಕುವಾ ಎಂಬ ರಹಸ್ಯ ಸಂಘದ ಪುರಾಣವನ್ನು ಗೋಡೆ ತುಂಬುವಂಥ ಕಪ್ಪು-ಬಿಳುಪು ಅಚ್ಚುಚಿತ್ರಗಳಾಗಿ ಮಾಡಿದರು. ಅವರ ಬಗ್ಗೆ ಧಾರವಾಡದಲ್ಲಿ ಹುಟ್ಟಿದವರು ಬರೆಯಬಾರದು ಅಂತ ಯಾರೂ ಹೇಳುವುದಿಲ್ಲ.

ಭಾಷೆಯನ್ನು ಇವತ್ತಿನಿಂದಲೇ ಶುರುಮಾಡಿ. ಇಂಗ್ಲಿಷ್ ಬಿಟ್ಟು ಸಾಮಾನ್ಯವಾಗಿ ಇನ್ನೂ ಎರಡು ಭಾಷೆ ಓದಲು ಬರಬೇಕು ಅಂತ ಕೇಳುತ್ತಾರೆ. ನನ್ನ ಸಲಹೆ ಪೋರ್ಚುಗೀಸ್. ಅದೊಂದು ಬಂದರೆ ಬ್ರೆಜಿಲ್, ಅಂಗೋಲಾ, ಮೊಜಾಂಬಿಕ್, ಪಣಜಿಯ ದಾಖಲೆಗಳು ಎಲ್ಲ ತೆರೆದುಕೊಳ್ಳುತ್ತವೆ. ಹೈಟಿಗೆ ಫ್ರೆಂಚ್ ಬೇಕು, ಕ್ಯೂಬಾಕ್ಕೆ ಸ್ಪ್ಯಾನಿಷ್. ಕನ್ನಡ, ಕೊಂಕಣಿ, ಉರ್ದು ಯಾವುದು ಬಂದರೂ ಅರ್ಜಿಯಲ್ಲಿ ಬರೆಯಿರಿ.

ಅರ್ಜಿಯ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕದಲ್ಲಿ ಕೊನೆಯ ದಿನ ಹೆಚ್ಚಾಗಿ ಡಿಸೆಂಬರ್‌ನಲ್ಲಿ ಅಥವಾ ಜನವರಿ ಮೊದಲಲ್ಲಿ ಇರುತ್ತದೆ. ಉದ್ದೇಶ ಪತ್ರ, ಇಪ್ಪತ್ತು ಪುಟದ ಆಸುಪಾಸಿನ ಬರಹದ ಮಾದರಿ, ಮೂರು ಶಿಫಾರಸು ಪತ್ರ, ಅಂಕಪಟ್ಟಿ, ಇಂಗ್ಲಿಷ್ ಪರೀಕ್ಷೆ ಬೇಕು. ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆಯನ್ನು ಬಹಳ ವಿಭಾಗಗಳು ಕೈಬಿಟ್ಟಿವೆ. ಬರಹದ ಮಾದರಿ ಆಫ್ರಿಕಾದ ಬಗ್ಗೆಯೇ ಇರಬೇಕಿಲ್ಲ. ನಿಮ್ಮ ಎಂ.ವಿ.ಎ. ಪ್ರಬಂಧದಲ್ಲಿ ಚಿತ್ರವನ್ನೋ ಶಿಲ್ಪವನ್ನೋ ಹತ್ತಿರದಿಂದ ನೋಡಿ ಬರೆದ ಅಧ್ಯಾಯ ಕಳಿಸಿ. ಶಿಫಾರಸು ಪತ್ರವನ್ನು "ನೀನೇ ಬರೆದು ತಾ, ಸಹಿ ಹಾಕುತ್ತೇನೆ" ಅನ್ನುವ ಮೇಷ್ಟ್ರು ನಮ್ಮಲ್ಲಿ ಇದ್ದಾರೆ. ಮೂರೂ ಪತ್ರ ಒಂದೇ ಕೈಯ ಬರಹ ಅಂತ ಓದುವವರಿಗೆ ಗೊತ್ತಾಗುತ್ತದೆ. ಒಂದು ತಿಂಗಳು ಮುಂಚೆ ಹೋಗಿ, ನಿಮ್ಮ ಕೆಲಸದ ಟಿಪ್ಪಣಿ ಕೊಟ್ಟು, ಅವರ ಮಾತಿನಲ್ಲೇ ಬರೆಯಲು ಕೇಳಿಕೊಳ್ಳಿ.

ಅಮೆರಿಕದ ಒಳ್ಳೆಯ ವಿಭಾಗಗಳು ಐದಾರು ವರ್ಷ ಫೀಸು ಮಾಫಿ ಮಾಡಿ, ಮೇಲೆ ಸ್ಟೈಪೆಂಡ್ ಕೊಡುತ್ತವೆ. ಹಣ ಕೊಡದ ಕಡೆ ಸಾಲ ಮಾಡಿ ಹೋಗಬೇಡಿ. ಇದರಲ್ಲಿ ನನಗೆ ಎರಡನೇ ಅಭಿಪ್ರಾಯ ಇಲ್ಲ, ಯಾಕೆಂದರೆ ಈ ವಿಷಯದಲ್ಲಿ ಕೆಲಸಗಳು ಕಡಿಮೆ, ಭಾರತದಲ್ಲಂತೂ ತೀರಾ ಕಡಿಮೆ. 2025ರಿಂದ ಕೆಲವು ವಿಶ್ವವಿದ್ಯಾಲಯಗಳು ಈ ತರಹದ ವಿಭಾಗಗಳಲ್ಲಿ ಸೀಟು ಇಳಿಸಿವೆ, ಕೆಲವು ಪ್ರವೇಶವನ್ನೇ ತಡೆಹಿಡಿದಿವೆ. ಅರ್ಜಿ ಶುಲ್ಕ ಕಟ್ಟುವ ಮುಂಚೆ ವಿಚಾರಿಸಿ, ಶುಲ್ಕ ಮಾಫಿಗೂ ಕೇಳಿ. ಇಂಗ್ಲೆಂಡಿನಲ್ಲಿ ಮೂರು-ನಾಲ್ಕು ವರ್ಷದ ಪಿಎಚ್‌ಡಿ, ಮೊದಲು ಮಾರ್ಗದರ್ಶಕರು ಒಪ್ಪಬೇಕು, ಹಣ ಬೇರೆಯಾಗಿ ಹುಡುಕಬೇಕು. ಲಂಡನ್ನಿನ ಸೋವಾಸ್ ವಿಶ್ವವಿದ್ಯಾಲಯದ ಕಡೆ ನೋಡುವುದಾದರೆ ಭಾರತೀಯರಿಗಿರುವ ಫೆಲಿಕ್ಸ್ ವಿದ್ಯಾರ್ಥಿವೇತನವನ್ನು ನೋಡಿ. ಭಾರತದಲ್ಲೇ ಪಿಎಚ್‌ಡಿಗೆ ಸೇರಿದರೂ ದಾರಿ ಮುಚ್ಚುವುದಿಲ್ಲ. ಫುಲ್‌ಬ್ರೈಟ್-ನೆಹರೂ ಡಾಕ್ಟೋರಲ್ ಫೆಲೋಶಿಪ್ ಇರುವುದೇ ಭಾರತದಲ್ಲಿ ನೋಂದಾಯಿಸಿದವರಿಗೆ, ಕೆಲವು ತಿಂಗಳು ಅಮೆರಿಕಕ್ಕೆ ಹೋಗಿ ಕೆಲಸ ಮಾಡಲು.

ಅಮೆರಿಕದ ಫಲಿತಾಂಶ ಫೆಬ್ರವರಿ, ಮಾರ್ಚ್‌ನಲ್ಲಿ ಬರುತ್ತದೆ. ಸಾಮಾನ್ಯವಾಗಿ ಏಪ್ರಿಲ್ 15ರವರೆಗೆ ಯೋಚಿಸಲು ಸಮಯ ಇರುತ್ತದೆ. ಆ ವಾರಗಳಲ್ಲಿ ಅಲ್ಲಿನ ವಿದ್ಯಾರ್ಥಿಗಳ ಜೊತೆ ಫೋನಿನಲ್ಲಿ ಮಾತಾಡಿ. ಸ್ಟೈಪೆಂಡ್‌ನಲ್ಲಿ ಬಾಡಿಗೆ ಕಟ್ಟಿ ಊಟ ಮಾಡಬಹುದಾ, ಬೇಸಿಗೆಯಲ್ಲಿ ಹಣ ಬರುತ್ತದಾ, ವಿದ್ಯಾರ್ಥಿ ಬರೆದುಕೊಟ್ಟದ್ದನ್ನು ಮಾರ್ಗದರ್ಶಕರು ಎಷ್ಟು ದಿನಕ್ಕೆ ಓದಿ ಕೊಡುತ್ತಾರೆ ಅಂತ ನೇರವಾಗಿ ಕೇಳಿ. ಸಂಕೋಚ ಬೇಡ, ಅಲ್ಲಿ ಎಲ್ಲರೂ ಕೇಳುತ್ತಾರೆ.