ಬರಹಗಾರರಿಗೆ ಸಲಹೆ: ಟೇಬಲ್ ಇದೆ, ತೀರ್ಪು ಎಲ್ಲಿದೆ?

ಮಾನ್ಯರೇ,

ಯಾರು ಯಾವ ಕಡತವನ್ನು ತೆರೆಯಬಹುದೆಂಬ ಪ್ರವೇಶ ನಿಯಂತ್ರಣದ ನಿಯಮಗಳನ್ನು ರಿಲೇಷನಲ್ ಡೇಟಾಬೇಸಿನಲ್ಲಿ, ಅಂದರೆ ಸಾಲು ಮತ್ತು ಕಾಲಂಗಳ ಟೇಬಲ್‌ಗಳಲ್ಲಿ, ಇಡುವ ಬಗೆಯನ್ನು ಕುರಿತು ನೀವು ಕಳಿಸಿದ 14 ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಬರುವುದಿಲ್ಲ. ಹಾಗೆಂದು ಎರಡು ಸಾಲಿನ ವಿಷಾದಪತ್ರದೊಂದಿಗೆ ಹಿಂದಿರುಗಿಸುವಂಥ ಬರಹವೂ ಇದಲ್ಲ. 9ನೆಯ ಪುಟದಲ್ಲಿ ನೀವು ಒಂದೇ ವಾಕ್ಯದಲ್ಲಿ ಹೇಳಿ ದಾಟಿಹೋದ ಸಂಗತಿಯಲ್ಲಿ ಒಂದು ಪೂರ್ಣ ಲೇಖನಕ್ಕೆ ಬೇಕಾದಷ್ಟು ಸರಕಿದೆ. ಆದ್ದರಿಂದ ತುಸು ದೀರ್ಘವಾಗಿಯೇ ಉತ್ತರಿಸುತ್ತಿದ್ದೇನೆ.

ಆ ವಾಕ್ಯ ಹೀಗಿದೆ: ‘ಒಪ್ಪಿಗೆ ಮತ್ತು ನಿರಾಕರಣೆ ಎರಡೂ ಅನ್ವಯವಾದಲ್ಲಿ ನಿರಾಕರಣೆಯೇ ಪರಿಗಣಿಸಲ್ಪಡುತ್ತದೆ.’ ಯಾರು ಪರಿಗಣಿಸುತ್ತಾರೆ? ಟೇಬಲ್ಲಂತೂ ಪರಿಗಣಿಸುವುದಿಲ್ಲ, ಅದು ಹೇಳಿದ್ದನ್ನು ಇಟ್ಟುಕೊಂಡಿರುತ್ತದೆ, ಅಷ್ಟೆ. ‘ಅನುಮತಿಸಲ್ಪಡುತ್ತದೆ’, ‘ತಡೆಯಲ್ಪಡುತ್ತದೆ’ ಎಂಬ ಪ್ರಯೋಗಗಳು ನಿಮ್ಮ ಲೇಖನದ ಉದ್ದಕ್ಕೂ ಇವೆ. ಬೇರೆ ಲೇಖನವಾಗಿದ್ದರೆ ಇವನ್ನು ಶೈಲಿಯ ದೋಷವೆಂದು ನಾನೇ ತಿದ್ದಿಬಿಡುತ್ತಿದ್ದೆ. ಇಲ್ಲಿ ಹಾಗೆ ಮಾಡಲಾಗಲಿಲ್ಲ, ಏಕೆಂದರೆ ಕರ್ತೃವನ್ನು ಹಾಕಲು ಹೋದಾಗಲೆಲ್ಲ ಆ ಕರ್ತೃ ಯಾರೆಂಬುದು ಲೇಖನದಲ್ಲೇ ಇಲ್ಲವೆಂದು ತಿಳಿಯಿತು. ನಿಯಮಗಳನ್ನು ಎಲ್ಲಿ ಇಡಬೇಕೆಂದು ನೀವು ಆರು ಟೇಬಲ್‌ಗಳ ಚಿತ್ರ ಬರೆದು ತೋರಿಸಿದ್ದೀರಿ. ಆ ನಿಯಮಗಳನ್ನು ಓದಿ ‘ಈ ವ್ಯಕ್ತಿ ಈ ಕಡತವನ್ನು ಈಗ ತೆರೆಯಬಹುದೇ’ ಎಂಬ ಪ್ರಶ್ನೆಗೆ ತೀರ್ಪು ಕೊಡುವ ಭಾಗವನ್ನು ಓದುಗನ ಊಹೆಗೆ ಬಿಟ್ಟಿದ್ದೀರಿ.

ಇದರಿಂದ ಆಗುವ ತೊಂದರೆಯನ್ನು ನಿಮ್ಮ ಉದಾಹರಣೆಯಿಂದಲೇ ತೋರಿಸುತ್ತೇನೆ. ನಿಮ್ಮ ನಿರಾಕರಣೆಯ ಟೇಬಲಿನಲ್ಲಿ ಬಳಕೆದಾರ ಮತ್ತು ಕಡತ ಎಂಬ ಎರಡು ಕಾಲಂಗಳಿವೆ. ಕಡತದ ಕಾಲಂ ನಲ್ (ಬೆಲೆಯನ್ನೇ ತುಂಬದ ಜಾಗ) ಆಗಿದ್ದರೆ ‘ಎಲ್ಲ ಕಡತಗಳಿಗೂ ನಿರಾಕರಣೆ’ ಎಂದು ತಿಳಿಯಬೇಕೆಂದು 6ನೆಯ ಪುಟದಲ್ಲಿ ಬರೆದಿದ್ದೀರಿ. ಈಗ 12ನೆಯ ಸಂಖ್ಯೆಯ ಬಳಕೆದಾರರು ಅಮಾನತಾಗಿದ್ದಾರೆ ಎಂದುಕೊಳ್ಳೋಣ. ಒಪ್ಪಿಗೆಯ ಟೇಬಲಿನಲ್ಲಿ ಅವರ ಹೆಸರಿಗೆ 7 ಮತ್ತು 8ನೆಯ ಕಡತಗಳ ಹಳೆಯ ಸಾಲುಗಳು ಹಾಗೆಯೇ ಇವೆ, ನಿರಾಕರಣೆಯ ಟೇಬಲಿಗೆ ‘12, ನಲ್’ ಎಂಬ ಒಂದು ಸಾಲು ಹೊಸದಾಗಿ ಸೇರಿದೆ. ಕಡತವನ್ನು ತೆರೆಯುವಾಗ ನಡೆಯುವ ನಿಮ್ಮ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ), ಅದೇ ಬಳಕೆದಾರ ಮತ್ತು ಅದೇ ಕಡತವಿರುವ ನಿರಾಕರಣೆಯ ಸಾಲು ಇಲ್ಲದಿದ್ದರೆ ಒಪ್ಪಿಗೆ ಕೊಡುತ್ತದೆ. ನಲ್ ಮತ್ತು 7 ಸಮವೇ ಎಂದು ಕೇಳಿದರೆ, ಕ್ವೆರಿಗಳನ್ನು ಬರೆಯುವ ಭಾಷೆಯಾದ ಎಸ್‌ಕ್ಯುಎಲ್ ‘ಹೌದು’ ಎನ್ನುವುದಿಲ್ಲ, ‘ಅಲ್ಲ’ ಎಂದೂ ಹೇಳುವುದಿಲ್ಲ, ‘ಗೊತ್ತಿಲ್ಲ’ ಎನ್ನುತ್ತದೆ. ಹಾಗಾಗಿ ನಿರಾಕರಣೆಯ ಸಾಲು ಸಿಕ್ಕುವುದಿಲ್ಲ, ಕಡತ ತೆರೆಯುತ್ತದೆ. ಇನ್ನು 11ನೆಯ ಪುಟದ ಕ್ವೆರಿ, ಬಳಕೆದಾರರಿಗೆ ಕಾಣಬೇಕಾದ ಕಡತಗಳ ಪಟ್ಟಿಯನ್ನು ‘ನಾಟ್ ಇನ್’ (‘ಈ ಪಟ್ಟಿಯಲ್ಲಿ ಇಲ್ಲದ್ದು’) ಬಳಸಿ ತಯಾರಿಸುತ್ತದೆ. ಒಳಗಿನ ಪಟ್ಟಿಯಲ್ಲಿ, ಅಂದರೆ ನಿರಾಕರಿಸಿದ ಕಡತಗಳ ಪಟ್ಟಿಯಲ್ಲಿ, ಒಂದೇ ಒಂದು ನಲ್ ಇದ್ದರೂ ‘ನಾಟ್ ಇನ್’ ಯಾವ ಸಾಲಿಗೂ ‘ಹೌದು’ ಎನ್ನಲಾರದು. ಕಾಣಬೇಕಾದ ಕಡತಗಳ ಪಟ್ಟಿ ಖಾಲಿಯಾಗಿ ಬರುತ್ತದೆ. ಅಂದರೆ ಅಮಾನತಾದ ವ್ಯಕ್ತಿಗೆ ಪಟ್ಟಿಯಲ್ಲಿ ಒಂದೂ ಕಡತ ಕಾಣುವುದಿಲ್ಲ, ಆದರೆ ಕಡತದ ಸಂಖ್ಯೆ ನೆನಪಿದ್ದರೆ ನೇರವಾಗಿ ತೆರೆಯಬಹುದು. ಪರೀಕ್ಷಿಸುವವರು ಪರದೆಯ ಮೇಲೆ ಖಾಲಿ ಪಟ್ಟಿಯನ್ನು ನೋಡಿ, ನಿಯಮ ಕೆಲಸ ಮಾಡುತ್ತಿದೆ ಎಂದು ಗುರುತು ಹಾಕಿ ಎದ್ದುಹೋಗುತ್ತಾರೆ.

ನಿಯಮ ಒಂದೇ, ಅದನ್ನು ಇಟ್ಟ ಸಾಲೂ ಒಂದೇ. ತೀರ್ಪು ಮಾತ್ರ ಎರಡು. ಲೇಖನ ಇಲ್ಲಿಂದ ಆರಂಭವಾಗಬೇಕಿತ್ತು. ನಲ್‌ಗೆ ಅರ್ಥವನ್ನು ಹೊರಿಸುವ ಬದಲು ವ್ಯಾಪ್ತಿಯನ್ನು ಹೇಳುವ ಪ್ರತ್ಯೇಕ ಕಾಲಂ ಇಟ್ಟು, ‘ಒಂದು ಕಡತ’ ಮತ್ತು ‘ಎಲ್ಲ ಕಡತ’ ಎಂಬ ಬೆಲೆಗಳನ್ನು ಮಾತ್ರ ಒಪ್ಪುವ ನಿರ್ಬಂಧವನ್ನು ಡೇಟಾಬೇಸಿಗೇ ಹಾಕಬಹುದು. ತೆರೆಯುವ ಪರೀಕ್ಷೆ ಮತ್ತು ಪಟ್ಟಿ ಎರಡೂ ಒಂದೇ ವ್ಯೂನಿಂದ (ಡೇಟಾಬೇಸಿನಲ್ಲೇ ಹೆಸರಿಟ್ಟು ಉಳಿಸಿದ ಕ್ವೆರಿಯಿಂದ) ಉತ್ತರ ಪಡೆಯುವಂತೆ ಮಾಡಬಹುದು. ಹೀಗೆ ಮಾಡಿದಾಗ ತೀರ್ಪಿಗೆ ಒಂದು ವಿಳಾಸ ಸಿಗುತ್ತದೆ, ನಿಮ್ಮ ವಾಕ್ಯಗಳಿಗೆ ಕರ್ತೃವೂ ಸಿಗುತ್ತದೆ.

ಮೊದಲ ಎರಡೂವರೆ ಪುಟಗಳ ಇತಿಹಾಸವನ್ನು ತೆಗೆಯಿರಿ. ಎಡ್ಗರ್ ಕಾಡ್ ಅವರು 1970ರಲ್ಲಿ ರಿಲೇಷನಲ್ ಮಾದರಿಯನ್ನು ಮುಂದಿಟ್ಟದ್ದನ್ನು ಈ ಲೇಖನವನ್ನು ಓದಲು ಕುಳಿತವರಿಗೆ ಪೀಠಿಕೆಯಾಗಿ ಹೇಳಬೇಕಿಲ್ಲ. ಆದರೆ ಅವರ ಹೆಸರು ನಿಜಕ್ಕೂ ಉಪಯೋಗಕ್ಕೆ ಬರುವ ಜಾಗವೊಂದು ನಿಮ್ಮ ಲೇಖನದಲ್ಲಿದೆ, ಅಲ್ಲಿ ನೀವು ಅವರನ್ನು ಕರೆದಿಲ್ಲ. ಪ್ರವೇಶದ ನಿಯಮಗಳನ್ನು ಬರೆಯಲು ಓಯಸಿಸ್ ಎಂಬ ಮಾನಕ ಸಂಸ್ಥೆ ರೂಪಿಸಿದ ಎಕ್ಸ್‌ಎಸಿಎಮ್‌ಎಲ್ ಮಾನಕವನ್ನು ‘ಹಳತಾಯಿತು’ ಎಂಬ ಒಂದು ಮಾತಿನಲ್ಲಿ ತಳ್ಳಿಹಾಕಿದ್ದೀರಿ. 2003ರ ಮೊದಲ ಆವೃತ್ತಿಯಿಂದ 2013ರ ಮೂರನೆಯ ಆವೃತ್ತಿಯವರೆಗೆ ಆ ಮಾನಕ ಬಹಳ ಸ್ಪಷ್ಟವಾಗಿ ಇಟ್ಟುಕೊಂಡು ಬಂದ ಒಂದು ವಿಚಾರವೆಂದರೆ, ಹಲವು ನಿಯಮಗಳು ಏಕಕಾಲಕ್ಕೆ ಅನ್ವಯವಾದಾಗ ಅವುಗಳ ಉತ್ತರಗಳನ್ನು ಹೇಗೆ ಕೂಡಿಸಬೇಕೆಂಬುದನ್ನು ಹೆಸರಿಟ್ಟು ಘೋಷಿಸಬೇಕು ಎಂಬುದು: ನಿರಾಕರಣೆಗೆ ಮೇಲುಗೈಯೋ, ಒಪ್ಪಿಗೆಗೆ ಮೇಲುಗೈಯೋ, ಮೊದಲು ಅನ್ವಯವಾದದ್ದೇ ಅಂತಿಮವೋ. ಈ ಕೊನೆಯದನ್ನು ನೀವೂ 12ನೆಯ ಪುಟದಲ್ಲಿ ಬಳಸಿದ್ದೀರಿ. ಆದರೆ ಕಾಡ್ ಅವರ ಮಾದರಿಯಲ್ಲಿ ಸಾಲುಗಳಿಗೆ ತಮ್ಮದೇ ಆದ ಕ್ರಮವಿಲ್ಲ. ‘ಮೊದಲ ಸಾಲು’ ಎಂಬ ಮಾತಿಗೆ, ಕ್ರಮಸಂಖ್ಯೆಯ ಕಾಲಂ ಇಟ್ಟು ಅದರಂತೆ ಜೋಡಿಸಿ ಎಂದು ಕೇಳುವ ತನಕ, ಅರ್ಥವೇ ಇಲ್ಲ. ನಿಮ್ಮ ಟೇಬಲಿನಲ್ಲಿ ಅಂಥ ಕಾಲಂ ಇಲ್ಲ. ಇಂದು ಮೊದಲು ಬಂದ ಸಾಲು ನಾಳೆಯೂ ಮೊದಲು ಬಂದೀತೆಂಬ ಭರವಸೆಯನ್ನು ಯಾವ ಡೇಟಾಬೇಸೂ ಕೊಡುವುದಿಲ್ಲ.

ಷರತ್ತುಗಳ ಕಾಲಂ ಬಗ್ಗೆ. ‘ಕಡತದ ವಿಭಾಗವೂ ಬಳಕೆದಾರರ ವಿಭಾಗವೂ ಒಂದೇ ಆಗಿರಬೇಕು’ ಎಂಬಂಥ ಷರತ್ತನ್ನು ನೀವು ಬರೀ ಪಠ್ಯವಾಗಿ ಒಂದು ಕಾಲಂನಲ್ಲಿ ತುಂಬಿದ್ದೀರಿ. 4ನೆಯ ಪುಟದಲ್ಲಿ ರಿಲೇಷನಲ್ ಡೇಟಾಬೇಸನ್ನೇ ಆರಿಸಲು ನೀವು ಕೊಟ್ಟ ಕಾರಣಗಳು, ಅಂದರೆ ಫಾರಿನ್ ಕೀ (ಒಂದು ಟೇಬಲ್ ಸೂಚಿಸುವ ಸಾಲು ಇನ್ನೊಂದರಲ್ಲಿ ಇರಲೇಬೇಕೆಂಬ ನಿರ್ಬಂಧ), ಟೈಪುಗಳ ತಪಾಸಣೆ, ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ), ಈ ಒಂದು ಕಾಲಂನೊಳಗೆ ಯಾವುವೂ ನಡೆಯುವುದಿಲ್ಲ. ‘ವಿಭಾಗ’ ಎಂಬ ಕಾಲಂನ ಹೆಸರನ್ನು ಯಾರಾದರೂ ಬದಲಿಸಿದರೆ ಪಠ್ಯದೊಳಗಿನ ಹೆಸರು ಹಾಗೆಯೇ ಉಳಿಯುತ್ತದೆ. ಇದು ತಪ್ಪು ಆಯ್ಕೆ ಎಂದು ನಾನು ಹೇಳುತ್ತಿಲ್ಲ. ನೀವು ಲಘುವಾಗಿ ಮಾತನಾಡಿರುವ ಕ್ಯಾಸ್‌ಬಿನ್ ಎಂಬ ಪ್ರವೇಶ ನಿಯಂತ್ರಣದ ಸಿದ್ಧ ಕೋಡ್ ಲೈಬ್ರರಿಯ ಟೇಬಲಿನಲ್ಲಿ ನಿಯಮದ ಬಗೆಯನ್ನು ಹೇಳುವ ಒಂದು ಕಾಲಂ, ಅದರ ಜೊತೆಗೆ ‘ವಿ0’ದಿಂದ ‘ವಿ5’ರವರೆಗೆ ಹೆಸರೇ ಇಲ್ಲವೆನ್ನಬಹುದಾದ ಆರು ಕಾಲಂಗಳು ಇರುತ್ತವೆ. ನೋಡಲು ಅದು ಅಂದವಾಗಿಲ್ಲ. ಆದರೆ ಅದರ ನಿಲುವು ಪ್ರಾಮಾಣಿಕವಾದದ್ದು: ಡೇಟಾಬೇಸ್ ಬರೀ ಉಗ್ರಾಣ, ಅರ್ಥವಿರುವುದು ಪ್ರತ್ಯೇಕವಾದ ಮಾದರಿಯ ಕಡತದಲ್ಲಿ, ತೀರ್ಪು ನಡೆಯುವುದು ಮೆಮೊರಿಯಲ್ಲಿ. ನೀವು ಉಗ್ರಾಣವನ್ನು ಕಟ್ಟಿ ಅದಕ್ಕೆ ನ್ಯಾಯಾಲಯದ ಫಲಕ ಹಾಕಿದ್ದೀರಿ.

ಒಂದು ವಾಸ್ತವಾಂಶದ ತಪ್ಪನ್ನು ತಿದ್ದಲೇಬೇಕು. ಪೋಸ್ಟ್‌ಗ್ರೆಸ್‌ಕ್ಯುಎಲ್ ಎಂಬ ಡೇಟಾಬೇಸಿನಲ್ಲಿ ಸಾಲುಮಟ್ಟದ ಭದ್ರತೆಯನ್ನು, ಅಂದರೆ ಯಾರಿಗೆ ಯಾವ ಸಾಲು ಸಿಗಬೇಕೆಂದು ಡೇಟಾಬೇಸೇ ನಿರ್ಧರಿಸುವ ಸೌಲಭ್ಯವನ್ನು, ಬಳಸಿದರೆ ‘ಅಪ್ಲಿಕೇಶನ್ ಏನನ್ನೂ ಪರಿಶೀಲಿಸಬೇಕಿಲ್ಲ’ ಎಂದಿದ್ದೀರಿ. 2016ರ ಜನವರಿಯಲ್ಲಿ ಬಿಡುಗಡೆಯಾದ 9.5ನೆಯ ಆವೃತ್ತಿಯಿಂದ ಈ ಸೌಲಭ್ಯ ಇರುವುದು ನಿಜ, ಒಳ್ಳೆಯ ಸೌಲಭ್ಯವೂ ಹೌದು. ಆದರೆ ಎಲ್ಲ ಅಧಿಕಾರವೂ ಇರುವ ಸೂಪರ್‌ಯೂಸರ್‌ಗೆ ಅದು ಅನ್ವಯಿಸುವುದಿಲ್ಲ. ಟೇಬಲಿನ ಮಾಲೀಕನಿಗೂ, ಬಲವಂತವಾಗಿ ಅನ್ವಯಿಸು ಎಂದು ಪ್ರತ್ಯೇಕವಾಗಿ ಹೇಳದ ಹೊರತು, ಅನ್ವಯಿಸುವುದಿಲ್ಲ. ಟೇಬಲ್‌ಗಳನ್ನು ಸೃಷ್ಟಿಸಿದ ಖಾತೆಯಿಂದಲೇ ಅಪ್ಲಿಕೇಶನ್ನೂ ಡೇಟಾಬೇಸಿಗೆ ಸೇರಿಕೊಳ್ಳುವುದು ಎಲ್ಲೆಡೆ ಕಾಣುವ ಅಭ್ಯಾಸ. ಸಂಪಾದನೆಗೆ ಬರುವ ಮುನ್ನ ನಾನೇ ಒಮ್ಮೆ ಇದೇ ಬಗೆಯಲ್ಲಿ ನಿಯಮಗಳನ್ನು ಬರೆದು, ಅವು ಒಂದು ಸಾಲನ್ನೂ ತಡೆಯುತ್ತಿಲ್ಲವೆಂದು ಬಹಳ ತಡವಾಗಿ ಕಂಡುಕೊಂಡೆ. ಎಲ್ಲಿಯೂ ದೋಷದ ಸಂದೇಶ ಬರಲಿಲ್ಲ. ಡೇಟಾಬೇಸಿನ ಕೆಲವೇ ಸಂಪರ್ಕಗಳನ್ನು ಹಲವರು ಸರದಿಯಂತೆ ಬಳಸುವ ಕನೆಕ್ಷನ್ ಪೂಲ್‌ನಲ್ಲಿ ಹಿಂದಿನ ಬಳಕೆದಾರರ ಗುರುತು ಮುಂದಿನವರಿಗೆ ಉಳಿದುಬಿಡುವ ಅಪಾಯದ ಬಗ್ಗೆಯೂ ಒಂದು ವಾಕ್ಯವಿರಲಿ. ಗುರುತನ್ನು ಆಯಾ ಟ್ರಾನ್ಸಾಕ್ಷನ್ನಿನ (ಒಟ್ಟಾಗಿ ನಡೆದು ಮುಗಿಯುವ ಒಂದು ಕಂತು ಕೆಲಸದ) ಮಟ್ಟಿಗೆ ಮಾತ್ರ ಹೊಂದಿಸಿದರೆ ಆ ಅಪಾಯವಿಲ್ಲ.

ಹಕ್ಕನ್ನು ಹಿಂಪಡೆಯುವುದನ್ನು ‘ಸಾಲನ್ನು ಅಳಿಸಿದರೆ ಸಾಕು’ ಎಂದು ಮುಗಿಸಿದ್ದೀರಿ. ಐಬಿಎಂನ ಸಿಸ್ಟಮ್ ಆರ್ ಎಂಬ ಪ್ರಾಯೋಗಿಕ ಡೇಟಾಬೇಸಿಗಾಗಿ 1976ರಲ್ಲೇ ಗ್ರಿಫಿತ್ಸ್ ಮತ್ತು ವೇಡ್ ಇದಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಎತ್ತಿಕೊಂಡಿದ್ದರು: ಒಬ್ಬರು ತಮಗೆ ಸಿಕ್ಕ ಹಕ್ಕನ್ನು ಇನ್ನೊಬ್ಬರಿಗೆ ಕೊಟ್ಟು, ಆಮೇಲೆ ಮೊದಲನೆಯವರ ಹಕ್ಕೇ ರದ್ದಾದರೆ ಎರಡನೆಯವರ ಗತಿಯೇನು? ನಿಮ್ಮ ಟೇಬಲಿನಲ್ಲಿ ಹಕ್ಕನ್ನು ‘ಕೊಟ್ಟವರು ಯಾರು’ ಎಂಬ ಕಾಲಂ ಇಲ್ಲದ ಕಾರಣ ಈ ಪ್ರಶ್ನೆಯನ್ನು ಕೇಳಲೂ ಆಗುವುದಿಲ್ಲ. ‘ಯಾವಾಗಿನಿಂದ’, ‘ಯಾವಾಗಿನವರೆಗೆ’ ಎಂಬ ಕಾಲಂಗಳೂ ಇಲ್ಲ. ಹೀಗಾಗಿ ಕಳೆದ ತಿಂಗಳು ಈ ಕಡತವನ್ನು ಯಾರು ತೆರೆಯಬಹುದಿತ್ತು ಎಂದು ಕೇಳಿದವರಿಗೆ ಉತ್ತರ ಸಿಗದು.

ಪದಗಳ ವಿಷಯದಲ್ಲಿ ಒಂದೆರಡು ಮಾತು. ಒಂದೇ ವಸ್ತುವನ್ನು ನೀವು ‘ಅನುಮತಿ’, ‘ಪರವಾನಗಿ’, ‘ಹಕ್ಕು’ ಎಂದು ಮೂರು ಹೆಸರಿನಿಂದ ಕರೆದಿದ್ದೀರಿ. ಪದ ಮರುಕಳಿಸಬಾರದೆಂಬ ಶಾಲೆಯ ಪಾಠ ಇಲ್ಲಿ ಸಲ್ಲದು. ಓದುಗ ಮೂರು ಟೇಬಲ್‌ಗಳನ್ನು ಹುಡುಕತೊಡಗುತ್ತಾನೆ. ‘ಪಾಲಿಸಿ’ಗೆ ‘ನೀತಿ’ಗಿಂತ ‘ನಿಯಮ’ವೇ ಮೇಲೆಂದು ನನಗೆ ತೋರುತ್ತದೆ. ಒಬ್ಬರಿಗೆ 7ನೆಯ ಕಡತವನ್ನು ತೋರಿಸಬೇಡ ಎನ್ನುವುದರಲ್ಲಿ ನೀತಿಬೋಧೆಯೇನೂ ಇಲ್ಲ.

ಪರಿಷ್ಕರಿಸಿದ ಪ್ರತಿ ಏಳೆಂಟು ಪುಟಗಳನ್ನು ಮೀರದಿರಲಿ, ‘12, ನಲ್’ ಎಂಬ ಆ ಸಾಲಿನಿಂದಲೇ ಆರಂಭವಾಗಲಿ. ಅದರೊಂದಿಗೆ ಎರಡೂ ಕ್ವೆರಿಗಳನ್ನು ನೀವೇ ನಡೆಸಿ, ಬಂದ ಫಲಿತಾಂಶವನ್ನು ಇದ್ದದ್ದು ಇದ್ದ ಹಾಗೆ ಕಳಿಸಿ. ಅದು ಕೈಸೇರಿದ ಮೇಲೆ ಮತ್ತೊಮ್ಮೆ ಕುಳಿತು ಓದುತ್ತೇನೆ.

ಇಂತಿ,
ಸಂಪಾದಕ