ಬೆಲ್ಲ ಕೊನೆಗೆ ಹಾಕಿ

ಗೆಣಸು, ಕ್ಯಾರೆಟ್, ಬೀಟ್‌ರೂಟ್‌ಗೆ ಜೇನುತುಪ್ಪ ಸವರಿ ಓವನ್‌ನಲ್ಲಿಟ್ಟರೆ ಮೇಲೆಲ್ಲ ಸೀದು ಒಳಗೆ ಗಟ್ಟಿಯಾಗೇ ಉಳಿಯುತ್ತೆ ಅಂತ ಕೇಳಿದ್ದೀರಿ. ಸಿಹಿಯನ್ನು ಮೊದಲೇ ಹಾಕ್ತಿದ್ದೀರಿ, ಅದೇ ಕಾರಣ. ಗಡ್ಡೆ ಬೇಯೋದಕ್ಕಿಂತ ಮುಂಚೆ ಸಕ್ಕರೆ ಅಂಶ ಕರಕಲಾಗುತ್ತೆ.

ಹೆಚ್ಚಿದ ಹೋಳುಗಳನ್ನ ನೀರಿನ ಪಸೆ ಇಲ್ಲದ ಹಾಗೆ ಒರೆಸಿ, ಬರೀ ಎಣ್ಣೆ, ಉಪ್ಪು ಹಚ್ಚಿ 200 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಡಿ. ಒತ್ತೊತ್ತಾಗಿ ತುಂಬಬೇಡಿ, ಹಬೆಯಲ್ಲಿ ಬೆಂದ ಹಾಗಾಗುತ್ತೆ. ಬೀಟ್‌ರೂಟ್ ಬೇಯೋದು ನಿಧಾನ, ಅದನ್ನ ಸಣ್ಣಗೆ ಹೆಚ್ಚಿ.

ಚಾಕು ಸಲೀಸಾಗಿ ಇಳಿದ ಮೇಲೆ ಪಾಕದ ಸರದಿ. ಚಿಕ್ಕಮಗಳೂರಿನ ನಮ್ಮ ಮನೇಲಿ ಜೇನಿಗಿಂತ ಜೋನಿಬೆಲ್ಲ, ಅಂದರೆ ನೀರಾಗಿರೋ ಬೆಲ್ಲವೇ ಇಷ್ಟ. ಎರಡು ಚಮಚ ಜೋನಿಬೆಲ್ಲ, ಒಂದು ಚಮಚ ತುಪ್ಪ, ಜಜ್ಜಿದ ಕಾಳುಮೆಣಸು ಬಿಸಿ ಮಾಡಿ ಹೋಳುಗಳಿಗೆ ಕಲಸಿ, ಮತ್ತೆ ಎಂಟು-ಹತ್ತು ನಿಮಿಷ ಇಡಿ. ಆಗ ಮಾತ್ರ ಅಲ್ಲಿಂದ ಕದಲಬೇಡಿ. ಅಂಚಿನಲ್ಲಿ ಪಾಕ ಗುಳ್ಳೆಗುಳ್ಳೆಯಾಗಿ ಕುದಿಯುತ್ತೆ. ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗೋ ಮೊದಲೇ ತೆಗೆದುಬಿಡಿ. ನಿಂಬೆರಸ ಆಮೇಲೆ ಹಿಂಡಿ.

ಹಾಸನದ ಕಡೆಯ ಆಲೂಗಡ್ಡೆ ಸೇರಿಸಿದರೂ ಚೆನ್ನಾಗಿರುತ್ತೆ. ಆದರೆ ಫ್ರಿಜ್‌ನಲ್ಲಿಟ್ಟದ್ದು ಬೇಡ, ಆ ತಂಪಿಗೆ ಅದರ ಪಿಷ್ಟ ಸಕ್ಕರೆಯಾಗಿ ಬೇಗ ಕಪ್ಪಾಗುತ್ತೆ. ಅನ್ನ-ಸಾರಿನ ಪಕ್ಕಕ್ಕೆ ಬಿಸಿಬಿಸಿಯಾಗೇ ಬಡಿಸಿ, ಆರಿದರೆ ಅಂಟಂಟಾಗುತ್ತೆ.