ಪ್ರಯತ್ನ ಮಾಡಿದರೆ ನಂಬಿಕೆ ಕಡಿಮೆ ಅಂತಲೇ?

ಡಾಕ್ಟರ್ ಹತ್ತಿರ ಓಡಿದರೆ, ನಾಳೆಗೆ ಅಂತ ದುಡ್ಡು ಕೂಡಿಟ್ಟರೆ ದೇವರ ಮೇಲೆ ಭರವಸೆ ಇಲ್ಲ ಅಂತ ಆಗಲ್ವಾ ಎಂದು ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನೂ ಹೀಗೇ ಯೋಚಿಸುತ್ತಿದ್ದೆ. ಅದಕ್ಕೆ ಬೆಲೆ ತೆತ್ತವರು ನಮ್ಮಮ್ಮ.

ಅವತ್ತು ಬೆಳಿಗ್ಗೆ ಏಳು ಗಂಟೆ. ಅಮ್ಮ ನೀರು ಕುಡಿಯುತ್ತಿದ್ದರು. ಬಾಯಿಯ ಬಲಗಡೆಯಿಂದ ನೀರು ಸೋರಿ ಕತ್ತಿನವರೆಗೂ ಇಳಿಯಿತು. ಅವರಿಗೆ ಗೊತ್ತೇ ಆಗಲಿಲ್ಲ. ಮಾತು ತೊದಲಿತು, ಲೋಟ ಕೈಯಿಂದ ಜಾರಿತು. ನನಗೆ ಭಯವಾಯಿತು. ಆಮೇಲೆ ಭಯಪಟ್ಟಿದ್ದಕ್ಕೇ ನಾಚಿಕೆಯಾಯಿತು. ಅಮ್ಮನನ್ನು ಮಲಗಿಸಿ ದೇವರ ಮುಂದೆ ಕೂತೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ತಪ್ಪಿದ್ದು ಇಲ್ಲೇ. ಬೇಡಿಕೊಂಡಿದ್ದರಲ್ಲಿ ತಪ್ಪಿರಲಿಲ್ಲ. ಆಂಬುಲೆನ್ಸಿನಲ್ಲಿ ಕೂತೂ ಬೇಡಬಹುದಿತ್ತು. ಫೋನ್ ಪಕ್ಕದಲ್ಲೇ ಇತ್ತು. ಎರಡು ಸಲ ಕೈಗೆ ತಗೊಂಡೆ, ಎರಡು ಸಲವೂ ಕೆಳಗಿಟ್ಟೆ. ಫೋನ್ ಮಾಡಿದರೆ ಇಷ್ಟು ಹೊತ್ತು ಬೇಡಿದ್ದೆಲ್ಲ ಸುಳ್ಳಾಗುತ್ತದೆ, ದೇವರು ಕೈಬಿಡುತ್ತಾನೆ ಅನ್ನಿಸಿತು. ಹೊತ್ತು ಹೋದಷ್ಟೂ ಏಳುವುದು ಇನ್ನೂ ಕಷ್ಟವಾಯಿತು. ಈಗ ಎದ್ದರೆ ಮೊದಲೇ ಏಳಬೇಕಿತ್ತು ಅಂತ ಒಪ್ಪಿಕೊಂಡ ಹಾಗಲ್ವಾ? ಅದನ್ನೇ ನಂಬಿಕೆ ಅಂದುಕೊಂಡಿದ್ದೆ. ಶುದ್ಧ ಹಟ ಅದು. ಅಮ್ಮನನ್ನು ಪಣಕ್ಕಿಟ್ಟು ದೇವರನ್ನು ಪರೀಕ್ಷೆ ಮಾಡುತ್ತಿದ್ದೆ.

ಆಸ್ಪತ್ರೆ ಸೇರಿದಾಗ ಹನ್ನೆರಡೂವರೆ. ಡಾಕ್ಟರ್ ಮೊದಲು ಕೇಳಿದ್ದು, "ಇವರು ಸರಿಯಾಗಿದ್ದದ್ದನ್ನು ಕೊನೆಯದಾಗಿ ನೋಡಿದ್ದು ಎಷ್ಟು ಗಂಟೆಗೆ?" ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಸ್ಟ್ರೋಕ್ ಆಗಿತ್ತು. ಅದನ್ನು ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ನಾನು ಐದೂವರೆ ಗಂಟೆ ಕಳೆದಿದ್ದೆ.

ದೇವರ ಕೃಪೆಗೆ ನಮ್ಮ ಪ್ರಯತ್ನವೂ ಬೇಕೇ ಅಂತ ಶ್ರೀವೈಷ್ಣವರ ಎರಡು ಪಂಗಡಗಳಾದ ವಡಗಲೈ, ತೆಂಗಲೈಯವರ ನಡುವೆ ಒಂದು ಹಳೆಯ ವಾದವಿದೆ. ಕೋತಿಮರಿ ತಾಯಿಯನ್ನು ತಾನೇ ಗಟ್ಟಿಯಾಗಿ ತಬ್ಬಿಕೊಳ್ಳುತ್ತದೆ, ಅದು ಮರ್ಕಟ ಕಿಶೋರ ನ್ಯಾಯ, ವಡಗಲೈಯವರದು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಒಯ್ಯುತ್ತದೆ, ಅದು ಮಾರ್ಜಾಲ ಕಿಶೋರ ನ್ಯಾಯ, ತೆಂಗಲೈಯವರದು. ನಾನು ಬೆಕ್ಕಿನ ಮರಿ ಅಂದುಕೊಂಡು ಕೂತಿದ್ದೆ. ಆದರೆ ಅವರೆಲ್ಲ ವಾದ ಮಾಡಿದ್ದು ಮೋಕ್ಷದ ಬಗ್ಗೆ. ಮನೆಯವರಿಗೆ ಕಾಯಿಲೆ ಬಂದಾಗ ಏನು ಮಾಡಬೇಕು ಅನ್ನುವುದು ಅಲ್ಲಿನ ಪ್ರಶ್ನೆಯೇ ಆಗಿರಲಿಲ್ಲ. ಅರ್ಧಂಬರ್ಧ ಕೇಳಿದ್ದನ್ನು ನನಗೆ ಬೇಕಾದ ಹಾಗೆ ಬಳಸಿಕೊಂಡಿದ್ದೆ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ದೇವರನ್ನು ಒಂದು ತಟ್ಟೆಯಲ್ಲಿ, ನಿಮ್ಮ ಕೈಕಾಲು ಬುದ್ಧಿಯನ್ನು ಇನ್ನೊಂದರಲ್ಲಿ ಇಟ್ಟು ತೂಗುತ್ತಿದ್ದೀರಿ. ಯಾಕೆ ತೂಗಬೇಕು? ಅಮ್ಮನ ಬಲಗೈ ಇವತ್ತಿಗೂ ಏಳುವುದಿಲ್ಲ. ದಿನಾ ಬೆಳಿಗ್ಗೆ ಫಿಸಿಯೋಥೆರಪಿಯವರು ಕಲಿಸಿದ ಹಾಗೆ ಒಂದೊಂದೇ ಬೆರಳು ಬಿಡಿಸಿ ಮಡಚುತ್ತೇನೆ. ಪ್ರಾರ್ಥನೆಯನ್ನೂ ಆಗಲೇ ಮಾಡುತ್ತೇನೆ, ಆ ಕೈ ಹಿಡಿದುಕೊಂಡೇ. ಮೊದಲಿಗಿಂತ ಜಾಸ್ತಿ ಬೇಡುತ್ತೇನೆ.

ದುಡ್ಡಿನ ವಿಷಯ ಆಮೇಲೆ ನೋಡೋಣ. ದೇವರಿದ್ದಾನೆ ಅಂತ ಬಿಪಿ ಮಾತ್ರೆ ನಿಲ್ಲಿಸಿದ್ದೀನಿ ಅಂತ ಕೊನೆಯ ಸಾಲಿನಲ್ಲಿ ಬರೆದಿದ್ದೀರಲ್ಲ, ನನಗೆ ನಿದ್ದೆ ಬಾರದ ಹಾಗೆ ಮಾಡಿದ್ದು ಅದು. ಸ್ಟ್ರೋಕ್‌ಗೆ ದೊಡ್ಡ ಕಾರಣವೇ ಬಿಪಿ. ದಯವಿಟ್ಟು ಇವತ್ತೇ ಡಾಕ್ಟರ್ ಹತ್ತಿರ ಹೋಗಿ. ಮಾತ್ರೆ ಬಿಟ್ಟು ಎಷ್ಟು ದಿನ ಆಯಿತು ಅಂತ ಮುಚ್ಚಿಡದೆ ಹೇಳಿ.